ಮಾದೇಶನ ಬಿಸಿ ಎಲ್ಲಿ ಉಳಿಯಿತು

ನಮ್ಮೂರಿನಲ್ಲಿ ಸಾವಿನ ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಕೇಳುವ ಮಾತು ಒಂದೇ: "ಬಿಸಿ ಎಲ್ಲಿ ಉಳೀತು?" ಕುರ್ಚಿಯೋ, ಜಗಲಿಯೋ, ಮಂಚದ ಒಂದು ಮಗ್ಗುಲೋ, ಎಲ್ಲೋ ಒಂದು ಕಡೆ ಸತ್ತವರ ಮೈಬಿಸಿ ಉಳಿದಿರುತ್ತದೆ. ನಮ್ಮ ಪಕ್ಕದ ಮನೆಯ ನಂಜುಂಡಯ್ಯ ಮೇಷ್ಟ್ರದ್ದು ಹಜಾರದ ಆರಾಮಕುರ್ಚಿಯಲ್ಲಿ ಹನ್ನೊಂದು ವರ್ಷದಿಂದ ಹಾಗೇ ಇದೆ. ಚಳಿಗಾಲದಲ್ಲಿ ಅವರ ಸೊಸೆ ಇಡ್ಲಿ ಹಿಟ್ಟಿನ ಪಾತ್ರೆಯನ್ನು ಅದರ ಮೇಲೆ ಇಡುತ್ತಾಳೆ. "ಬದುಕಿದ್ದಾಗ ಒಂದು ಲೋಟ ಎತ್ತಿಟ್ಟೋರಲ್ಲ, ಈಗ ದಿನಾ ಹಿಟ್ಟು ಉಬ್ಬಿಸ್ತಾರೆ" ಎನ್ನುತ್ತಾಳೆ. ಹಿಂದಿನ ಬೀದಿಯ ಮನೆಯೊಂದರಲ್ಲಿ ಕೋಳಿ ಕಾವಿಗೆ ಕೂರದೆ ಹೋದಾಗ ಮೊಟ್ಟೆಗಳನ್ನು ಅಜ್ಜಿ ಕೂರುತ್ತಿದ್ದ ಮೂಲೆಯಲ್ಲಿಟ್ಟು ಒಂಬತ್ತು ಮರಿ ಮಾಡಿಸಿದರು. ಮಳೆಗಾಲದಲ್ಲಿ ಒದ್ದೆ ಯೂನಿಫಾರ್ಮ್ ಒಣಗಿಸಿಕೊಳ್ಳುವ ಮನೆಗಳಂತೂ ಎಷ್ಟೋ.

ಹದಿಮೂರನೆಯ ದಿನ ಆ ಜಾಗದ ಮೇಲೆ ಹಾಲಿಗೆ ಹೆಪ್ಪು ಹಾಕಿಡುವುದು ನಮ್ಮ ಕಡೆಯ ಪದ್ಧತಿ. ಆ ಮೊಸರನ್ನು ಮನೆಯವರು ಅನ್ನಕ್ಕೆ ಕಲಸಿ ತಿಂದರೆ ಸೂತಕ ಕಳೆಯಿತು. ಅಲ್ಲಿಯವರೆಗೆ ಮೊಸರು ಮುಟ್ಟುವ ಹಾಗಿಲ್ಲ.

ಬಿಸಿ ಮನೆಯೊಳಗೇ ಉಳಿಯುತ್ತದೆ ಎಂದೇನೂ ಇಲ್ಲ. ಒಬ್ಬ ದೊಡ್ಡ ಮನುಷ್ಯರದ್ದು ಇಸ್ಪೀಟು ಕ್ಲಬ್ಬಿನ ಬೆಂಚಿನಲ್ಲಿ ಸಿಕ್ಕಿತು. ಇನ್ನೊಬ್ಬರದ್ದು ಊರಾಚೆ ಒಬ್ಬಾಕೆಯ ಹಿತ್ತಿಲ ಮೆಟ್ಟಿಲಲ್ಲಿ ಸಿಕ್ಕಿತು. ಹೀಗೆ ಮೂರು ನಾಲ್ಕು ಮನೆ ಒಡೆದ ಮೇಲೆ ಹಿರಿಯರು ಒಂದು ಕಟ್ಟಳೆ ಮಾಡಿದರಂತೆ. ಹೊರಗೆಲ್ಲಾದರೂ ಬಿಸಿ ಕೈಗೆ ತಾಗಿದರೆ ಅದು ಯಾರದ್ದೆಂದು ಕೇಳಬಾರದು. ಗೊತ್ತಿದ್ದರೂ ಸತ್ತವರ ಮನೆಯವರಿಗೆ ಹೇಳಬಾರದು. ಹುಡುಕುವುದು ಮನೆಯವರ ಪಾಡು. ಜಗಳಗಂಟಿಯರೂ ಚಾಡಿಕೋರರೂ ಬೇಕಾದಷ್ಟಿರುವ ನಮ್ಮೂರಿನಲ್ಲಿ ಎಲ್ಲರೂ ಪಾಲಿಸುವ ಮಾತು ಇದೊಂದೇ.

ನನ್ನ ಗಂಡ ಮಾದೇಶ ಸತ್ತು ಏಳು ತಿಂಗಳಾದರೂ ಅವನ ಬಿಸಿ ನಮಗೆ ಸಿಕ್ಕಿರಲಿಲ್ಲ.

ಅವನು ಊರಿಗೆ ನೀರು ಬಿಡುತ್ತಿದ್ದವನು. ಒಂದು ಕಬ್ಬಿಣದ ಸಲಾಕೆ ಹಿಡಿದು ಬೀದಿಬೀದಿಯ ವಾಲ್ವು ತಿರುಗಿಸುವುದು ಅವನ ಕೆಲಸ. ನೀರು ಬಂದ ಬೀದಿಯಲ್ಲಿ ಯಾರೂ ಅವನನ್ನು ನೆನೆಯುತ್ತಿರಲಿಲ್ಲ, ಬಾರದ ಬೀದಿಯಲ್ಲಿ ಎಲ್ಲರೂ ನೆನೆಯುತ್ತಿದ್ದರು. ಒಂದು ಮಧ್ಯಾಹ್ನ ವಾಲ್ವಿನ ಗುಂಡಿಗೆ ಇಳಿದವನು ಮೇಲೆ ಬರಲಿಲ್ಲ. ಎದೆ ನಿಂತುಹೋಗಿತ್ತು ಎಂದರು ಡಾಕ್ಟರು. ಮೂವತ್ನಾಲ್ಕು ವರ್ಷ. ಬೀಡಿ ಇಲ್ಲ, ಕುಡಿತ ಇಲ್ಲ, ಸಿಟ್ಟು ಮಾತ್ರ ಇತ್ತು.

ಮೂರನೆಯ ದಿನ ಅತ್ತೆ ಮತ್ತು ನಾನು ಮನೆ ಹುಡುಕಿದೆವು. ಅವನು ಊಟಕ್ಕೆ ಕೂರುತ್ತಿದ್ದ ಮಣೆ ತಣ್ಣಗಿತ್ತು. ಮಂಚದಲ್ಲಿ ಅವನ ಮಗ್ಗುಲು ತಣ್ಣಗಿತ್ತು. ಹೊಸ್ತಿಲು, ಬಚ್ಚಲ ಕಲ್ಲು, ಮೊಪೆಡ್ಡಿನ ಸೀಟು, ರೇಡಿಯೋ ಪಕ್ಕದ ಮೋಟು ಸ್ಟೂಲು, ಒಂದನ್ನೂ ಬಿಡಲಿಲ್ಲ. ಸ್ಟೂಲಿನ ಮೇಲೆ ಒಂದು ಕ್ಷಣ ಬೆಚ್ಚಗಾದ ಹಾಗಾಯಿತು. ನೋಡಿದರೆ ಅದು ಕಿಟಕಿಯ ಬಿಸಿಲು. ಅತ್ತೆ ಗೋಡೆಗೆ ಒರಗಿ, "ಈ ಮನೇಲಿ ಅವನಿಗೆ ಒಂದು ಗೇಣು ಜಾಗಾನೂ ಇಷ್ಟ ಇರ್ಲಿಲ್ವೇನೇ ಜಯ?" ಎಂದರು. ಅದನ್ನು ಅವರು ನನಗೆ ಚುಚ್ಚಲು ಹೇಳಲಿಲ್ಲ. ಹಾಗಾಗಿ ಹೆಚ್ಚು ಚುಚ್ಚಿತು.

ಹದಿಮೂರನೆಯ ದಿನ ಕಳೆದರೂ ಅತ್ತೆ ಮೊಸರು ಮುಟ್ಟಲಿಲ್ಲ. ಮೂರು ಹೊತ್ತೂ ಮೊಸರಿಲ್ಲದೆ ಎಲೆ ಬಿಟ್ಟು ಏಳದ ಹೆಂಗಸು, ಸಾರನ್ನ ತಿಂದು ನೀರು ಕುಡಿದು ಏಳತೊಡಗಿದರು. ನನಗೆ ಮೊಸರು ಮೊದಲಿಂದಲೂ ಅಷ್ಟಕ್ಕಷ್ಟೇ. ನನಗೆ ಹತ್ತಿದ ರೋಗ ಬೇರೆ.

ಮೊದಲು ಅದು ಕೈಗೆ ಬಂತು. ಎಲ್ಲಿ ಹೋದರೂ ಅಂಗೈ ಮಗುಚಿ ಬೆರಳ ಹಿಂಬದಿಯಿಂದ ಮುಟ್ಟಿ ನೋಡುವುದು: ಬಸ್ಸಿನ ಸೀಟು, ಅಂಗಡಿಯ ಕಟ್ಟೆ, ಬ್ಯಾಂಕಿನ ಬೆಂಚು. ನಿಲ್ಲಿಸಬೇಕೆಂದರೂ ಕೈ ತಾನಾಗಿ ಹೋಗುತ್ತಿತ್ತು. ಆಮೇಲೆ ಎದೆಗೆ ಬಂತು. ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ಸು ಬರುತ್ತಿದ್ದೆ. ಅತ್ತೆ ಅಂಗಡಿಗೆ ಹೋದವರು ಹತ್ತು ನಿಮಿಷ ತಡಮಾಡಿದರೆ ಅವರ ಹೆಣವನ್ನು ಎಲ್ಲಿ ಮಲಗಿಸುವುದು, ಯಾರಿಗೆ ಫೋನು ಮಾಡುವುದು ಎಂಬಲ್ಲಿಗೆ ತಲೆ ಹೋಗಿ ನಿಲ್ಲುತ್ತಿತ್ತು. ಅವರು ಕೊತ್ತಂಬರಿ ಸೊಪ್ಪು ಹಿಡಿದು ಬರುತ್ತಿದ್ದರು. ನಾನು ಬೆವತು ಬಾಗಿಲಲ್ಲಿ ನಿಂತಿರುತ್ತಿದ್ದೆ. "ನಾನು ಸತ್ತಿಲ್ಲ ಕಣೇ, ಸೊಪ್ಪಿಗೆ ಚೌಕಾಸಿ ಮಾಡ್ತಿದ್ದೆ" ಎನ್ನುತ್ತಿದ್ದರು.

ಡಾಕ್ಟರು ಎದೆಯ ಮೇಲೆ ತಂತಿ ಅಂಟಿಸಿ, ಕಾಗದದ ಮೇಲೆ ಗೆರೆ ಎಳೆಸಿ, "ಎದೆಗೆ ಏನೂ ಆಗಿಲ್ಲಮ್ಮ, ಇದು ಗಾಬರಿ" ಎಂದರು. ಗಾಬರಿ ಎಂಬುದು ಏನೂ ಅಲ್ಲದ್ದು ಎನ್ನುವ ಹಾಗಿತ್ತು ಅವರ ದನಿ. ಒಂದು ಚೀಟಿಯ ತುಂಬ ಮಾತ್ರೆ ಬರೆದರು. ಬಂದಾಗ ನಿಧಾನ ಉಸಿರಾಡಿ, ಕೈಗೆ ಏನಾದರೂ ಕೆಲಸ ಕೊಡಿ ಎಂದರು. ಕೊನೆಯ ಮಾತು ಮಾತ್ರ ಉಪಯೋಗಕ್ಕೆ ಬಂತು.

ನನ್ನ ಕೈಗೆ ಕೆಲಸ ಗೊತ್ತು. ಮದುವೆಗೆ ಮೊದಲಿಂದಲೂ ನಾನು ಬೈಂಡಿಂಗಿನಲ್ಲಿದ್ದೇನೆ. ಅಚ್ಚಾಗಿ ಬಂದ ದೊಡ್ಡ ಹಾಳೆಯನ್ನು ಅರ್ಧಕ್ಕೆ, ಮತ್ತೆ ಅರ್ಧಕ್ಕೆ, ಮತ್ತೂ ಅರ್ಧಕ್ಕೆ ಮಡಿಸಿದರೆ ಹದಿನಾರು ಪುಟದ ಒಂದು ಫಾರಂ ಆಗುತ್ತದೆ. ಬಿಚ್ಚಿದ ಹಾಳೆಯಲ್ಲಿ ಒಂದನೇ ಪುಟದ ಮಗ್ಗುಲಲ್ಲಿ ಹದಿನಾರನೆಯದಿರುತ್ತದೆ, ಎಂಟನೆಯದು ತಲೆಕೆಳಗಾಗಿರುತ್ತದೆ. ಹಾಗೆ ನಾನು ನೂರಾರು ಪುಸ್ತಕ ಓದಿದ್ದೇನೆ, ಒಂದನ್ನೂ ಕ್ರಮವಾಗಿ ಓದಿಲ್ಲ. ಗಾಬರಿ ಬಂದಾಗ ಸೆರಗಿನ ತುದಿ ಹಿಡಿದು ಮಡಿಸುತ್ತಿದ್ದೆ. ಅರ್ಧ, ಕಾಲು, ಅರೆಕಾಲು. ಅಂಚಿಗೆ ಅಂಚು ಕೂಡಿಸಿ ಉಗುರಿನಿಂದ ಗೆರೆ ತೀಡುವುದು. ಬಿಚ್ಚಿ ಮತ್ತೆ ಮಡಿಸುವುದು. ನಾಲ್ಕೈದು ಫಾರಂ ಆಗುವಷ್ಟರಲ್ಲಿ ಬೆರಳಿಗೆ ಜೀವ ಬರುತ್ತಿತ್ತು.

ಒಂದು ಜಾಗದಲ್ಲಿ ಮಾತ್ರ ಇದು ನಡೆಯುತ್ತಿರಲಿಲ್ಲ. ಅದು ಬೈಂಡಿಂಗಿನ ಮುಂಬಾಗಿಲ ಬೀದಿ. ಅವನು ಸತ್ತ ದಿನ ನಾನು ಕೆಲಸ ಮುಗಿಸಿ ಆ ಬಾಗಿಲಿಂದ ಹೊರಗೆ ಬಂದಿದ್ದೆ. ದಿನಾ ಮೊಪೆಡ್ಡು ತಂದು ನಿಲ್ಲಿಸಿರುತ್ತಿದ್ದವನು ಅಂದು ಬಂದಿರಲಿಲ್ಲ. ಕಾಲು ಗಂಟೆ ನಿಂತು ಅವನನ್ನು ಬಾಯಿಗೆ ಬಂದ ಹಾಗೆ ಮನಸ್ಸಿನಲ್ಲೇ ಬೈದೆ. ಬೈಗುಳ ಮುಗಿಯುವ ಮೊದಲು ಅವನ ಜೊತೆ ಕೆಲಸ ಮಾಡುವವನೊಬ್ಬ ಸೈಕಲ್ಲಿನಿಂದ ಇಳಿದು, ತಲೆಗೆ ಕಟ್ಟಿದ್ದ ಟವಲ್ಲು ಬಿಚ್ಚಿದ. ಆ ಟವಲ್ಲು ಬಿಚ್ಚಿದ್ದು ನೋಡಿಯೇ ನನಗೆ ಗೊತ್ತಾಯಿತು. ಆಮೇಲೆ ಆ ಬೀದಿಯ ಮೂಲೆಗೆ ಬಂದರೂ ಸಾಕು, ಕಿವಿ ಗುಂಯ್‌ಗುಟ್ಟಿ, ಕೈಕಾಲು ಸತ್ತ ಹಾಗಾಗಿ, ಇಲ್ಲೇ ಬಿದ್ದುಹೋಗುತ್ತೇನೆ ಅನ್ನಿಸುತ್ತಿತ್ತು. ಕೆಲಸ ಬಿಡುವ ಹಾಗಿರಲಿಲ್ಲ. ಸಾಹುಕಾರರನ್ನು ಕೇಳಿಕೊಂಡು, ಹಿಂದೆ ಕಾಗದದ ಲಾರಿ ಬರುವ ಓಣಿಯ ಬಾಗಿಲಿಂದ ಹೋಗಿಬರತೊಡಗಿದೆ. ಅರ್ಧ ಮೈಲಿ ಸುತ್ತು. ಜೊತೆಯವರು ಯಾಕೆ ಎಂದು ಕೇಳಲಿಲ್ಲ. ಎಲ್ಲದಕ್ಕೂ ಮೂಗು ತೂರಿಸುವ, ಪುಸ್ತಕ ಹೊಲಿಯುವ ರುಕ್ಸಾನ ಕೂಡ ಕೇಳಲಿಲ್ಲ. ಒಳ್ಳೆಯದೇ ಆಯಿತು ಅಂದುಕೊಂಡೆ.

ಹುಡುಕುವುದನ್ನು ಮಾತ್ರ ಬಿಡಲಿಲ್ಲ. ಭಾನುವಾರಗಳಂದು ಅವನು ತಿರುಗಿಸುತ್ತಿದ್ದ ವಾಲ್ವುಗಳ ಜಾಡು ಹಿಡಿದು ಹೋಗುತ್ತಿದ್ದೆ. ಒಟ್ಟು ಮೂವತ್ತೊಂದು ಗುಂಡಿ. ಅಂಚಿನ ಸಿಮೆಂಟು ಮುಟ್ಟಿ ನೋಡುವುದು, ಪಕ್ಕದಲ್ಲಿ ಕಟ್ಟೆ ಇದ್ದರೆ ಕೂತು ನೋಡುವುದು. ಬೀದಿಯವರು ನೋಡಿಯೂ ನೋಡದ ಹಾಗೆ ಒಳಗೆ ಹೋಗುತ್ತಿದ್ದರು. ಒಬ್ಬಳು ಮಾತ್ರ, "ನೀರಿನ ಕಂಪ್ಲೇಂಟು ಬರ್ಕೊಳೋಕೆ ಬಂದ್ರೇನಮ್ಮ?" ಎಂದಳು. ಇಪ್ಪತ್ತೊಂಬತ್ತು ಗುಂಡಿ ಮುಗಿಯಿತು, ಎಲ್ಲ ತಣ್ಣಗೆ. ಅವನು ಸತ್ತ ಗುಂಡಿಯೂ ತಣ್ಣಗೆ. ಮೂವತ್ತನೆಯದು ಯಾರೂ ಮನೆ ಕಟ್ಟದ ಬಯಲಲ್ಲಿತ್ತು, ಅದೂ ತಣ್ಣಗೆ. ಉಳಿದದ್ದು ವಿಮಲಾ ಟೀಚರ ಮನೆ ಮುಂದಿನದು.

ಅದನ್ನು ಕೊನೆಗೆ ಇಟ್ಟುಕೊಂಡದ್ದು ಬೇಕೆಂದೇ. ವಿಮಲಾ ಟೀಚರು ಒಂಟಿ ಹೆಂಗಸು, ನೋಡಲು ಲಕ್ಷಣವಾಗಿದ್ದರು. ದಿನಾ ಸಂಜೆಯ ಸರದಿಯ ಕೊನೆಯ ವಾಲ್ವು ಅವರ ಗೇಟಿನ ಪಕ್ಕ. "ಅಲ್ಲಿ ಟೀ ಕೊಡ್ತಾರೆ" ಎಂದು ಮಾದೇಶ ಒಮ್ಮೆ ಹೇಳಿದ್ದ. ಆಗ ನಾನು ನಕ್ಕಿದ್ದೆ. ಈಗ ಆ ಟೀ ಏಳು ತಿಂಗಳಿಂದ ನನ್ನ ಹೊಟ್ಟೆಯಲ್ಲಿ ಕುದಿಯುತ್ತಿತ್ತು. ಅವನ ಬಿಸಿ ಅಲ್ಲಿದ್ದರೆ ಏನು ಮಾಡುವುದೆಂದು ಗೊತ್ತಿರಲಿಲ್ಲ. ಇಲ್ಲದಿದ್ದರೆ ಏನು ಮಾಡುವುದೆಂದು ಮೊದಲೇ ಗೊತ್ತಿರಲಿಲ್ಲ, ಯಾಕೆಂದರೆ ಆಮೇಲೆ ಹುಡುಕಲು ಜಾಗ ಉಳಿದಿರಲಿಲ್ಲ.

ಒಂದು ಶನಿವಾರ ಅರ್ಧ ದಿನ ರಜೆ ಹಾಕಿ ಹೋದೆ. ಗುಂಡಿಯ ಅಂಚು ತಣ್ಣಗಿತ್ತು. ಟೀಚರ ಗೇಟು ತಳ್ಳಿ ಒಳಗೆ ಹೋಗಿ ಮೆಟ್ಟಿಲು ಮುಟ್ಟುತ್ತಿದ್ದೆ, ಅವರೇ ಬಾಗಿಲು ತೆಗೆದರು. ನಾನು ಬಗ್ಗಿದವಳು ಹಾಗೇ ಉಳಿದೆ.

"ನೀರು ಬಿಡ್ತಿದ್ನಲ್ಲ, ಆ ಮಾದೇಶನ ಹೆಂಡತಿ ಅಲ್ವಾ ನೀನು?"

"ಹೌದು."

"ಮೆಟ್ಟಿಲು ಆಯ್ತಾ? ಒಳಗೂ ಬಾ. ಕುರ್ಚಿ ಮೂರಿದಾವೆ, ಒಂದು ಮಂಚ ಇದೆ. ಎಲ್ಲ ನೋಡ್ಕೊಂಡೇ ಹೋಗು. ಅನುಮಾನ ಅರ್ಧ ಉಳಿಸ್ಕೋಬಾರ್ದು."

ಮುಖ ಸುಡುತ್ತಿತ್ತು. ಆದರೂ ಹೋದೆ. ಅಷ್ಟು ದೂರ ಬಂದು ನಾಚಿಕೆ ಎಂದು ಹಿಂದಿರುಗುವ ಹೆಣ್ಣು ನಾನಲ್ಲ. ಮೂರು ಕುರ್ಚಿ ಮುಟ್ಟಿದೆ. ಮಂಚವನ್ನೂ ಮುಟ್ಟಿದೆ. ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡು, ಪರೀಕ್ಷೆಯ ಹಾಲಿನಲ್ಲಿ ನಿಂತ ಹಾಗೆ ನೋಡುತ್ತಿದ್ದರು. ಎಲ್ಲ ತಣ್ಣಗೆ. ಮಂಚದ ಕಾಲಿನ ಹತ್ತಿರ ಕೂತುಬಿಟ್ಟೆ. ಸಮಾಧಾನವಾಗಬೇಕಿತ್ತು. ಬದಲಿಗೆ ಕಿವಿ ಗುಂಯ್‌ಗುಟ್ಟಲು ಶುರುವಾಯಿತು. ಸೆರಗು ಹಿಡಿದು ಮಡಿಸತೊಡಗಿದೆ.

ಅವರು ನೀರು ತಂದಿಟ್ಟರು. ನಾನು ಆರು ಫಾರಂ ಮುಗಿಸುವವರೆಗೆ ಕಾದರು. ಆಮೇಲೆ, "ಒಂದಿನಾನೂ ಅವನು ಈ ಗೇಟು ದಾಟಿಲ್ಲ ಕಣಮ್ಮ" ಎಂದರು. "ಟೀ ಕೊಟ್ರೆ ನಿಂತ್ಕೊಂಡೇ ಕುಡೀತಿದ್ದ. ಆರೋವರ್ಗೂ ಇರ್ತಿರ್ಲಿಲ್ಲ, ಬಾಯಿ ಸುಟ್ಕೊಂಡು ಕುಡಿಯೋನು. ಲೋಟ ಇಟ್ಟು, ಐದಾಗ್ತಾ ಬಂತು ಟೀಚರ್, ಐದಕ್ಕೆ ಹೋಗ್ಬೇಕು ಅಂತ ಓಡೋನು."

"ಐದಕ್ಕಾ? ಐದಕ್ಕೆ ಎಲ್ಲಿಗೆ?"

ಅವರು ನನ್ನನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದರು. "ಅದನ್ನ ನನ್ನ ಕೇಳ್ತೀಯಲ್ಲಮ್ಮ" ಎಂದರು.

ನಾನು ಕೆಲಸದಿಂದ ಹೊರಬರುತ್ತಿದ್ದುದು ಐದು ನಲವತ್ತಕ್ಕೆ. ಬೈಂಡಿಂಗು ಬಾಗಿಲು ಹಾಕುವುದು ಐದಕ್ಕೆ. ಆದರೆ ಅಂಟು ಹಾಕಿದ ಪುಸ್ತಕಗಳನ್ನು ಹಲಗೆಗಳ ಮಧ್ಯೆ ಇಟ್ಟು ಪ್ರೆಸ್ಸಿನ ಚಕ್ರ ತಿರುಗಿಸಿ ಬಿಗಿಯುವ ಕೆಲಸ ನನ್ನದು. ಒಂದೇ ಸಲ ಬಿಗಿದರೆ ಅಂಟು ಹೊರಗೆ ಉಕ್ಕುತ್ತದೆ. ಹತ್ತು ನಿಮಿಷಕ್ಕೆ ಒಂದು ಕಾಲುಸುತ್ತು, ಹಾಗೆ ನಾಲ್ಕು ಸಲ. ನಾನು ಕೆಳಗಿಳಿಯುವಾಗ ಮಾದೇಶ ಬಾಗಿಲ ಎದುರಿಗೆ ಮೊಪೆಡ್ಡಿನ ಇಂಜಿನ್ನು ಆರಿಸದೆ ಕಾಲೂರಿಕೊಂಡು ನಿಂತಿರುತ್ತಿದ್ದ. "ನೀನೂ ಈಗ ಬರ್ತಿದ್ದೀಯಾ?" ಎಂದರೆ, "ಹ್ಞೂಂ, ಈಗ ತಾನೇ ಬಂದೆ, ಹತ್ತು" ಎನ್ನುತ್ತಿದ್ದ. ಆರು ವರ್ಷ ದಿನವೂ ಅದೇ ಮಾತು. ನೀರು ಬಿಡುವ ಕೆಲಸ ಐದೂವರೆಗೆ ಮುಗಿಯುತ್ತದೆ ಎಂದೇ ನಾನು ತಿಳಿದಿದ್ದೆ. ಹಾಗಾದರೆ ಐದರಿಂದ ಐದು ನಲವತ್ತರವರೆಗೆ ಅವನು ಎಲ್ಲಿ ಕೂತಿರುತ್ತಿದ್ದ?

ಟೀಚರ ಮನೆಯಿಂದ ಹೊರಟಾಗ ನಾಲ್ಕು ಗಂಟೆ. ಬೈಂಡಿಂಗಿನ ಮುಂಬೀದಿಯ ಮೂಲೆಗೆ ಹದಿನೈದು ನಿಮಿಷದ ದಾರಿ. ಮೂಲೆಯಿಂದ ಒಳಗೆ ನೂರಿಪ್ಪತ್ತು ಹೆಜ್ಜೆ. ಆ ನೂರಿಪ್ಪತ್ತು ಹೆಜ್ಜೆಗೆ ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಮೂರು ಸಲ ಹೋಗಿ ಮೂರು ಸಲ ವಾಪಸ್ಸು ಬಂದೆ. ಒಂದು ಸಲ ಬಟ್ಟೆಯಂಗಡಿಯ ಕಂಬ ಹಿಡಿದು ನಿಂತೆ. ಅಂಗಡಿಯವನು, "ಅಕ್ಕ, ಬಿಸಿಲಾ? ಸೋಡಾ ತರಿಸ್ಲಾ?" ಎಂದ. ಬೇಡವೆಂದು ಕೈಯಾಡಿಸಿದೆ. ಈಗ ಸತ್ತರೆ ನನ್ನ ಬಿಸಿ ಎಲ್ಲಿ ಉಳಿಯುತ್ತದೆ ಎಂದು ಯೋಚನೆ ಬಂತು. ಈ ಕಂಬದಲ್ಲಿ ಉಳಿಯುವುದು ಖಂಡಿತ ಬೇಡ ಅನ್ನಿಸಿತು. ಸೆರಗು ಮಡಿಸುತ್ತ ನಡೆದೆ. ಒಂದು ಫಾರಮ್ಮಿಗೆ ನಾಲ್ಕು ಹೆಜ್ಜೆ. ಬಿಚ್ಚು, ಮಡಿಸು, ತೀಡು. ಮೂವತ್ತು ಫಾರಂ. ಟವಲ್ಲು ಬಿಚ್ಚಿದವನು ನಿಂತಿದ್ದ ಜಾಗ ಇಪ್ಪತ್ತೇಳನೆಯ ಫಾರಮ್ಮಿಗೆ ಬಂತು. ಕಣ್ಣು ಮುಚ್ಚಿಕೊಳ್ಳಲಿಲ್ಲ. ಅಲ್ಲಿ ಒಂದು ನಾಯಿ ಕೂತು ಕಿವಿ ಕೆರೆದುಕೊಳ್ಳುತ್ತಿತ್ತು, ಅಷ್ಟೇ.

ಬೈಂಡಿಂಗಿನ ಎದುರಿಗೆ ಒಂದು ಹೊಂಗೆ ಮರ, ಅದರ ಬುಡದಲ್ಲಿ ಚರಂಡಿ, ಚರಂಡಿಯ ಮೇಲೆ ಒಂದು ಕಲ್ಲುಚಪ್ಪಡಿ. ಅಲ್ಲಿ ಬೇಯಿಸಿದ ಕಡಲೆಕಾಯಿ ಮಾರುವ ಸಾಕವ್ವ ಎಂಬ ಮುದುಕಿ ನಾನು ಕೆಲಸಕ್ಕೆ ಸೇರುವ ಮೊದಲಿಂದಲೂ ಕೂರುತ್ತಾಳೆ. ಒಮ್ಮೆಯೂ ನಾನು ಆ ಕಡೆ ದಾಟಿರಲಿಲ್ಲ. ಬಾಗಿಲಿಂದ ಬಂದು ನೇರ ಮೊಪೆಡ್ಡು ಹತ್ತುವವಳಿಗೆ ಬೀದಿಯ ಆ ಬದಿ ಏನಾಗಬೇಕು? ಈಗ ದಾಟಿದೆ. ಚಪ್ಪಡಿಯ ಒಂದು ತುದಿಗೆ ಸಾಕವ್ವ, ಇನ್ನೊಂದು ತುದಿಗೆ ಗೋಣಿತಾಟು ಮುಚ್ಚಿದ ಕಡಲೆಕಾಯಿ ಬುಟ್ಟಿ. ಅವಳು ನನ್ನನ್ನು ನೋಡಿ ಬಾಯಿಯ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು. ನನ್ನ ಕೈಯನ್ನೇ ನೋಡುತ್ತಿದ್ದಳು.

ಬಗ್ಗಿ ಬುಟ್ಟಿಯ ಪಕ್ಕದ ಕಲ್ಲಿಗೆ ಬೆರಳ ಹಿಂಬದಿ ತಾಗಿಸಿದೆ.

ಮರದ ನೆರಳಿನ ಕಲ್ಲು. ಬಿಸಿಲು ಬಿದ್ದ ಬಿಸಿ ಅಲ್ಲ. ಬೇಯಿಸಿದ ಕಡಲೆಕಾಯಿಯ ಬಿಸಿಯೂ ಅಲ್ಲ. ಬೆಳಿಗ್ಗೆ ಅವನು ಎದ್ದುಹೋದ ಮೇಲೆ ಹಾಸಿಗೆಯ ಆ ಮಗ್ಗುಲಿಗೆ ನಾನು ಉರುಳಿ ಐದು ನಿಮಿಷ ಹೆಚ್ಚಿಗೆ ಮಲಗುತ್ತಿದ್ದೆನಲ್ಲ, ಅದೇ.

"ಇದು ನಮ್ಮೋರದ್ದು" ಎಂದೆ.

ಸಾಕವ್ವ ಉಗಿದು ಬಾಯಿ ಒರೆಸಿಕೊಂಡಳು. "ಸದ್ಯ. ನೀನೇ ಮುಟ್ಟಿ ನೀನೇ ಹೇಳ್ದೆ. ಇನ್ ನಾನು ಬಾಯಿ ಬಿಡಬೌದು. ಏಳು ತಿಂಗಳಿಂದ ನಾಲಿಗೆ ಕಚ್ಚಿ ಕಚ್ಚಿ ತೂತು ಬಿತ್ತು ಕಣವ್ವ." ಬುಟ್ಟಿಯನ್ನು ಎತ್ತಿ ಮಡಿಲಿಗೆ ಇಟ್ಟುಕೊಂಡಳು. "ಕೂತ್ಕೋ. ಕಾಯಿ ಆರದಿರ್ಲಿ ಅಂತ ಇಟ್ಕೊಂಡಿದ್ದೆ. ತಪ್ಪು ತಿಳೀಬ್ಯಾಡ."

ಕೂತೆ. ಅಳು ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಸಿಟ್ಟು.

"ಎಷ್ಟೊತ್ತಿಗೆ ಬರ್ತಿದ್ದ?"

"ಐದಕ್ಕೆ. ಗಡಿಯಾರ ಇದ್ದಂಗೆ."

"ನನಗೆ ಈಗ ತಾನೇ ಬಂದೆ ಅಂತಿದ್ದ."

"ನಿಂಗಂತಿದ್ದ. ನಂಗೇನಂತಿದ್ದ ಅಂತ ಕೇಳು. ನನ್ ಹೆಂಡ್ತಿಗೆ ಗಂಡ ಬ್ಯಾಡ ಸಾಕವ್ವ, ಪುಸ್ತಕ ಒತ್ಕೊಂಡೇ ಬಿದ್ದಿರ್ತಾಳೆ, ಇವಳಪ್ಪ ನಂಗೆ ಕೊಡೋ ಬದಲು ಆ ಪ್ರೆಸ್ಸಿಗೇ ಕೊಟ್ಟು ಧಾರೆ ಎರೀಬೇಕಿತ್ತು ಅಂತ. ದಿನಾ ಬಯ್ಯೋನು. ಅರ್ಧ ಸೇರು ಕಾಯಿ ಸುಲೀತಾ ಸುಲೀತಾ ಬಯ್ಯೋನು. ಮತ್ತೆ ಯಾಕಪ್ಪ ಬರ್ತೀಯ, ಮನೆಗ್ಹೋಗಿ ಮಲಿಕ್ಕೋ ಅಂದ್ರೆ, ಏ ಸುಮ್ಕಿರವ್ವ ಅನ್ನೋನು."

ಮದುವೆಯಾದ ಹೊಸದರಲ್ಲಿ ಒಂದು ಸಲ ಅವನು ಕಾದೂ ಕಾದೂ ಸಾಕಾಯಿತು ಎಂದಿದ್ದ. "ಹಾಗಾದ್ರೆ ಬರಬೇಡ, ನನಗೆ ಕಾಲಿದೆ" ಎಂದಿದ್ದೆ ನಾನು. ಎರಡು ದಿನ ಮಾತಿರಲಿಲ್ಲ. ಮೂರನೆಯ ದಿನ ಬಂದು, ಈಗ ತಾನೇ ಬಂದೆ ಎಂದ. ಅಲ್ಲಿಂದ ಶುರುವಾದದ್ದು.

"ಇಂಜಿನ್ನು ಆರಿಸದೆ ನಿಂತಿರ್ತಿದ್ದ. ನಾನು ಬರೋದು ಹೇಗೆ ಗೊತ್ತಾಗ್ತಿತ್ತು?"

ಸಾಕವ್ವ ನನ್ನ ಗಲ್ಲ ಹಿಡಿದು ಮೇಲಕ್ಕೆ ತಿರುಗಿಸಿದಳು. ಕಲ್ಲಿನ ಆ ತುದಿಯಲ್ಲಿ ಕೂತರೆ ಮಾತ್ರ, ಹೊಂಗೆಯ ಎರಡು ಕೊಂಬೆಗಳ ನಡುವೆ, ಬೈಂಡಿಂಗಿನ ಮಹಡಿಯ ಕಿಟಕಿ ಕಾಣುತ್ತಿತ್ತು. ಕಿಟಕಿಯಲ್ಲಿ ಪ್ರೆಸ್ಸಿನ ಚಕ್ರ. ನಾನು ಅರ್ಧ ದಿನ ರಜೆ ಹಾಕಿದ್ದರಿಂದ ಅಂದು ರುಕ್ಸಾನ ಅದನ್ನು ತಿರುಗಿಸುತ್ತಿದ್ದಳು. ಎರಡು ಕೈಯಲ್ಲಿ ಹಿಡಿದು, ಮೈಭಾರ ಹಾಕಿ, ಕಾಲುಸುತ್ತು. ಆಮೇಲೆ ಸೆರಗಿನಿಂದ ಕತ್ತು ಒರೆಸಿಕೊಂಡಳು. ಅಷ್ಟು ದೂರದಿಂದ ಯಾವ ಹೆಂಗಸಾದರೂ ನಾನೇ ಅನ್ನಿಸಬಹುದಿತ್ತು.

"ನಾಕ್ ಸಲ ತಿರುಗಿಸ್ತೀಯಂತೆ. ನಾಕ್ನೇದು ಆದ್ಮೇಲೆ ಎದ್ದು ಕುಂಡಿ ಕೊಡವ್ಕೊಂಡು, ಬಂದ್ಲು ಮಹಾರಾಣಿ ಅಂತ ಗಾಡಿ ಒದೆಯೋನು."

ರುಕ್ಸಾನ ನಾಲ್ಕು ಸುತ್ತು ಮುಗಿಸುವವರೆಗೆ ಕೂತಿದ್ದೆ. ಮಧ್ಯೆ ಗಾಬರಿ ಬಂತು. ಕೂತೇ ಇದ್ದೆ, ಕೆಳಗಿನ ಬಿಸಿ ಹಾಗೇ ಇತ್ತು. ಸಾಕವ್ವ ಒಂದು ಹಿಡಿ ಕಾಯಿ ನನ್ನ ಮಡಿಲಿಗೆ ಸುರಿದಳು. ಸುಲಿಯುತ್ತ ಹೋದ ಹಾಗೆ ಗಾಬರಿ ಬಂದ ದಾರಿಯಲ್ಲೇ ಹೋಯಿತು. ಐದು ನಲವತ್ತಕ್ಕೆ ರುಕ್ಸಾನ ಕೆಳಗೆ ಬಂದವಳು ನನ್ನನ್ನು ಅಲ್ಲಿ ನೋಡಿ ಬೀದಿಯ ನಡುವೆಯೇ ನಿಂತಳು. ಒಂದು ಆಟೋದವನು ಬೈದುಕೊಂಡು ಪಕ್ಕಕ್ಕೆ ಹೋದ.

"ನಿಂಗೆ ಈಗ ಗೊತ್ತಾಯ್ತಾ?" ಎಂದಳು.

"ನಿನಗೆ ಯಾವಾಗ ಗೊತ್ತು?"

"ಎಲ್ರಿಗೂ ಗೊತ್ತು ಕಣೇ! ಸತ್ತ ಎರಡನೇ ದಿನವೇ ಗೊತ್ತು. ನಿಂಗೂ ಗೊತ್ತು ಅಂತಾನೇ ಅಂದ್ಕೊಂಡಿದ್ವಿ. ನೋಡೋಕಾಗಲ್ಲ ಪಾಪ, ಅದಕ್ಕೇ ಹಿಂದಿನ ಬಾಗಿಲಿಂದ ಬರ್ತಾಳೆ ಅಂತ..." ಬಾಯಿಗೆ ಕೈ ಇಟ್ಟುಕೊಂಡಳು. "ಅಲ್ಲಾ, ಏಳು ತಿಂಗಳು ನೀನು ಊರೆಲ್ಲ ಹುಡುಕ್ತಿದ್ಯೇನೇ?"

ನಾನು ದಿನವೂ ಅದರ ಎದುರಿನ ಮಹಡಿಯಲ್ಲೇ ಕೆಲಸ ಮಾಡಿದ್ದೆ. ಮುಂಬಾಗಿಲಿಂದ ಇಳಿದು ಒಂದು ಸಲ ದಾಟಿದ್ದರೆ ಸಾಕಿತ್ತು. ಯಾಕೆ ದಾಟಲಿಲ್ಲ ಎಂದರೆ, ನಡುವೆ ಆ ಬೀದಿ ಇತ್ತು.

ಮನೆಗೆ ಹೋಗಿ ಅತ್ತೆಗೆ ಹೇಳಿದೆ. ಅವರು ಕೈಯಲ್ಲಿದ್ದ ಮೊರ ಕೆಳಗಿಟ್ಟರು. "ಚರಂಡಿ ಮೇಲಾ?" ಎಂದರು.

"ಚರಂಡಿ ಮೇಲೆ ಚಪ್ಪಡಿ ಇದೆ ಅತ್ತೆ."

"ಹೆತ್ತು ಹೊತ್ತು ಸಾಕಿ, ಆರು ಕಂಬದ ಮನೇಲಿ ಬೆಳೆಸಿದ್ದಕ್ಕೆ ಚರಂಡಿ ಮೇಲೆ ಬಿಸಿ ಬಿಟ್ಟು ಹೋದ್ನಲ್ಲೇ ಇವನು. ಅಲ್ಲಿ ಹಾಲು ಇಟ್ರೆ ಯಾರು ತಿಂತಾರೆ? ನಾನಂತೂ ಬರಲ್ಲ." ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಪಾತ್ರೆ ಹುಡುಕುವ ಸದ್ದು ಬಂತು. "ಆ ಕಂಚಿನ ತಪ್ಪಲೆ ಎಲ್ಲಿಟ್ಟಿದ್ದೀಯೇ? ಸ್ಟೀಲಿನದು ಬ್ಯಾಡ. ಕಂಚಿಂದ್ರಲ್ಲಿ ಚೆನ್ನಾಗಿ ಹೆಪ್ಪಾಗುತ್ತೆ."

ಮಾರನೆಯ ದಿನ ಭಾನುವಾರ. ಒಂಬತ್ತಕ್ಕೆ ಕಾಸಿ ಆರಿಸಿದ ಹಾಲಿಗೆ ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ತಂದು ಹಾಕಿ, ತಪ್ಪಲೆಗೆ ಬಟ್ಟೆ ಕಟ್ಟಿಕೊಂಡು ಹೊರಟೆ. ಅತ್ತೆ ಬಾಗಿಲವರೆಗೂ ಬರಲಿಲ್ಲ. ಮೂಲೆಯಲ್ಲಿ ಎಂದಿನ ಹಾಗೆ ಎದೆ ಹಿಡಿಯಿತು. ಕೈಯಲ್ಲಿ ಹಾಲಿತ್ತು, ಸೆರಗು ಮಡಿಸುವ ಹಾಗಿರಲಿಲ್ಲ. ತುಳುಕಬಾರದು ಎಂಬುದೊಂದನ್ನೇ ನೋಡಿಕೊಂಡು ನಡೆದೆ. ನೂರಿಪ್ಪತ್ತು ಹೆಜ್ಜೆಗೆ ಹತ್ತು ನಿಮಿಷ ಹಿಡಿಯಿತು.

ಸಾಕವ್ವ ಜಾಗ ಬಿಟ್ಟುಕೊಟ್ಟಳು. ಮಾದೇಶ ಕೂರುತ್ತಿದ್ದಲ್ಲಿ ತಪ್ಪಲೆ ಇಟ್ಟು, ಅದಕ್ಕೂ ಅವಳಿಗೂ ನಡುವೆ ನಾನು ಕೂತೆ. ಬೈಂಡಿಂಗು ರಜೆ, ಕಿಟಕಿ ಮುಚ್ಚಿತ್ತು. ಹತ್ತು ನಿಮಿಷಕ್ಕೆ ನನ್ನ ಕೈ ತಾನಾಗಿ ಹೋಗಿ ತಪ್ಪಲೆಯ ಬಟ್ಟೆ ಎತ್ತಿತು. ಹಾಲು ಹಾಲಾಗಿಯೇ ಇತ್ತು. ಮತ್ತೆ ಐದು ನಿಮಿಷಕ್ಕೆ ಎತ್ತಿದೆ. ಕಲ್ಲು ಮೊದಲಿನಷ್ಟು ಬಿಸಿ ಇಲ್ಲವೇನೋ ಅನ್ನಿಸಿತು. ಇವತ್ತೇ ಆರಿಹೋದರೆ, ಅತ್ತೆಗೆ ಏನು ಹೇಳುವುದು, ನಾನು ಎಲ್ಲಿ ಕೂರುವುದು? ತಪ್ಪಲೆ ಸರಿಸಿ ಕಲ್ಲು ಮುಟ್ಟಲು ಹೋದೆ. ಸಾಕವ್ವ ಕೈಯ ಮೇಲೆ ಪಟ್ಟನೆ ಹೊಡೆದಳು.

"ಅಲ್ಲಾಡಿಸ್ಬ್ಯಾಡ. ಮುಟ್ಟಿ ಮುಟ್ಟಿ ನೋಡಿದ್ರೆ ಯಾವ ಹಾಲು ಹೆಪ್ಪಾಗುತ್ತೆ?"

"ಆರಿಹೋದ್ರೆ?"

"ಆರೋ ದಿನ ಆರುತ್ತೆ. ನಿನ್ ಬೆರಳು ಹಿಡಿದು ನಿಲ್ಲಿಸೋಕಾಗುತ್ತಾ? ಇವತ್ತದೆ. ಸುಮ್ನೆ ಕೂತ್ಕೋ, ಅವನು ಕೂತಿರ್ತಿರ್ಲಿಲ್ವಾ?"

ಕೈಯನ್ನು ಮಡಿಲಲ್ಲಿ ಇಟ್ಟುಕೊಂಡೆ. ಕೈ ಎರಡು ಸಲ ಹೊರಟಿತು, ಎರಡು ಸಲವೂ ಹಿಡಿದು ಕೂರಿಸಿದೆ. ಬೀದಿಯಲ್ಲಿ ಜನ ಓಡಾಡಿದರು. ಒಂದು ಮೊಪೆಡ್ಡು ಹೋಯಿತು, ಅವನದಲ್ಲ. ಇನ್ನೊಂದು ಹೋಯಿತು. ತಪ್ಪಲೆಯ ಕಡೆಗೆ ವಾಲಿ, ಮುಚ್ಚಿದ ಕಿಟಕಿಯನ್ನು ನೋಡುತ್ತ ಕೂತೆ. ಅದು ತೆರೆದು, ಒಳಗೆ ನಾನು ಬಂದು, ನಾಲ್ಕನೆಯ ಸುತ್ತು ತಿರುಗಿಸಿ, ಕೆಳಗೆ ಇಳಿದು ಬರಬೇಕು ಎನ್ನುವ ಹಾಗೆ. ಕಾಯುವುದು ಎಷ್ಟು ಉದ್ದದ ಕೆಲಸವೆಂದು ನನಗೆ ಗೊತ್ತಿರಲಿಲ್ಲ. ಅವನು ಅದನ್ನು ದಿನಾ ಬೈದುಕೊಂಡು ಮಾಡಿದ್ದ, ದಿನಾ ಮಾಡಿದ್ದ. ಇನ್ನೊಂದೇ ಒಂದು ಸಲ ಅವನು ಹತ್ತು ಎನ್ನಲಿ, ನಾನು ಪ್ರೆಸ್ಸನ್ನು ಮೂರೇ ಸುತ್ತಿಗೆ ಬಿಟ್ಟು ಇಳಿದು ಬರುತ್ತೇನೆ, ಪುಸ್ತಕದ ಬೆನ್ನು ಡೊಂಕಾದರೆ ಆಗಲಿ ಅನ್ನಿಸಿತು.

ಒಂದೂವರೆಯ ಹೊತ್ತಿಗೆ ಬೀದಿಯ ಮೂಲೆಯಲ್ಲಿ ಅತ್ತೆ ಕಂಡರು. ತಲೆಯ ಮೇಲೆ ಸೆರಗು, ಕೈಯಲ್ಲಿ ಅನ್ನದ ಡಬ್ಬಿ. ಚರಂಡಿಯನ್ನು ನೋಡಿ ಮೂಗು ಮುಚ್ಚಿದರು, ಕಲ್ಲನ್ನು ನೋಡಿ ಕೈ ಇಳಿಸಿದರು. ತಪ್ಪಲೆಯ ಬಟ್ಟೆಯನ್ನು ಅವರೇ ಎತ್ತಿದರು. ಮೊಸರು ಗಟ್ಟಿಯಾಗಿ, ಮೇಲೆ ಒಂದು ಗೆರೆಯೂ ಇಲ್ಲದೆ ಕೂತಿತ್ತು.

ಅತ್ತೆ ಬೇರೆ ಕಡೆ ಮುಖ ಮಾಡಿಕೊಂಡು ಕೇಳಿದರು: "ಎಷ್ಟೊತ್ತಿಂದ ಹಿಂಗೇ ಕೂತಿದ್ದೀಯೇ?"

"ಈಗ ತಾನೇ ಬಂದೆ" ಎಂದೆ.

"ಸುಳ್ಳಿ" ಎಂದು, ನನ್ನ ಭುಜಕ್ಕೆ ತಿವಿದು ಸರಿಸಿ, ತಪ್ಪಲೆಯನ್ನು ಮಡಿಲಿಗೆ ತೆಗೆದುಕೊಂಡು, ಅತ್ತೆ ಮಗನ ಜಾಗದಲ್ಲಿ ಕೂತರು.